ಒಂಬತ್ತನೇ ಕಾಲಂ

ನಮೂನೆಯಲ್ಲಿ ಒಟ್ಟು ಹನ್ನೊಂದು ಕಾಲಂ.
ಹಾಡುವವರ ಹೆಸರು: ಬೀರಿ ಹಮ್ಮು ಗೌಡ.
ವಯಸ್ಸು: "ದೊಡ್ಡ ನೆರೆ ಬಂದ ವರ್ಷ ನಂಗೆ ಹಲ್ಲು ಬಿದ್ದಿತ್ತು."
ಹಾಲುಹಲ್ಲೋ ಗಟ್ಟಿಹಲ್ಲೋ ಕೇಳಲಿಲ್ಲ, ಎಪ್ಪತ್ತೆಂದು ಬರೆದೆ.
ಊರು: ಅಘನಾಶಿನಿಯ ಗಜನಿ ಅಂಚು, ಕುಮಟಾ ತಾಲೂಕು.
ಕಥೆಯ ಅವಧಿ: ಮೂರು ರಾತ್ರಿ, ಬೆಳದಿಂಗಳಿದ್ದರೆ ನಾಲ್ಕು.
ಒಂಬತ್ತನೆಯದು: ಈ ಕಥನದಿಂದ ತಿಳಿದುಬರುವ ಜೀವನಮೌಲ್ಯ.
ಎರಡು ಸಾಲು ಮೀರದಂತೆ.

ಅವಳು ಕಟ್ಟೆಯ ಮೇಲೆ ಕೂತು ಬಳಚು ಬಿಡಿಸುತ್ತಿದ್ದಳು.
ಚಿಪ್ಪು ಆಚೆ, ಮಾಂಸ ಈಚೆ, ಕಥೆ ನಡುವೆ.

ಏಳು ಜನ ಅಣ್ಣಂದಿರು ದಂಡು ಗೆದ್ದು ಬಂದರಂತೆ.
ಹೊಳೆ ದಾಟಿಸಿದ ಅಂಬಿಗ ಕೂಲಿ ಕೇಳಿದನಂತೆ,
ತಲೆಗೊಂದು ಸಿದ್ದೆ ಅಕ್ಕಿ.
ಗೆದ್ದವರು ಕೂಲಿ ಕೊಡುವುದುಂಟೇ?
ಕತ್ತಿ ಇನ್ನೂ ಒರೆಗೆ ಹೋಗಿರಲಿಲ್ಲ.
ಇಲ್ಲಿ ಬೀರಜ್ಜಿ ರಾಗ ಬಿಟ್ಟು ಬರೀ ಮಾತಲ್ಲಿ ಹೇಳಿದಳು.
ಸಾವನ್ನು ಹಾಡಬಾರದಂತೆ,
ಅದಕ್ಕೆ ರುಚಿ ಹತ್ತುತ್ತದಂತೆ.

ಮಗನನ್ನು ಹುಡುಕಿಕೊಂಡು ಅಂಬಿಗನ ತಾಯಿ ಬಂದಳು.
ಏಳು ಬಾಗಿಲು ಮುಚ್ಚಿದವು.
ಎಂಟನೆಯದು, ತಂಗಿ ಗೆಂಟಿಮಾಲೆಯದು, ತೆರೆಯಿತು.
"ಮಗನ ತರಲಾರೆ ಅಬ್ಬೆ, ಮಗನಾಗಬಲ್ಲೆ"
ಅಂದವಳೇ ದಣಪೆ ದಾಟಿದಳು,
ಹುಟ್ಟು ಬಿಟ್ಟಳು, ಹುಟ್ಟು ಹಿಡಿದಳು.
"ಒಂದೇ ಶಬ್ದ ನೋಡು ತಂಗಿ," ಅಜ್ಜಿ ನಕ್ಕಳು,
"ಬಿಟ್ಟದ್ದೂ ಅದೇ, ಹಿಡಿದದ್ದೂ ಅದೇ."

ಹನ್ನೆರಡು ಮಳೆಗಾಲ. ಅಂಗೈ ತೊಗಟೆಯಾಯ್ತು.
ಮದುವೆ ದಿಬ್ಬಣ ದಾಟಿಸಿದಳು, ಹೆಣ ದಾಟಿಸಿದಳು,
ಗಬ್ಬದ ಎಮ್ಮೆ ದಾಟಿಸಿದಳು.
ಎಮ್ಮೆಗೂ ಒಂದೇ ಸಿದ್ದೆಯೇ ಎಂದು ಕೇಳಿದೆ.
ಅಜ್ಜಿ ಯೋಚಿಸಿದಳು. "ಎಮ್ಮೆಗೆ ಈಜು ಬತ್ತದೆ.
ಅದನ್ನ ಹೊಡೆದು ಹಾಕು."
ಹೊಡೆದು ಹಾಕಿದೆ.

ಒಂದು ಸಂಜೆ ಏಳೂ ಜನ ದಡಕ್ಕೆ ಬಂದರು.
ನರೆತ ಗಡ್ಡ. ಅವರಿಗೆ ಗುರುತಿಲ್ಲ, ಅವಳಿಗುಂಟು.
ಪುಕ್ಕಟೆ ದಾಟಿಸಲಿಲ್ಲ. ಮುಳುಗಿಸಲೂ ಇಲ್ಲ.
"ತಲೆಗೊಂದು ಸಿದ್ದೆ. ಯಾರಾದರೂ ಅಷ್ಟೇ."

(ತದಡಿಯ ಕಡೆ ಬೇರೆ ಥರ ಹಾಡುತ್ತಾರಂತೆ.
ಅಲ್ಲಿ ದೋಣಿ ಮಗುಚುತ್ತದೆ, ಏಳೂ ಜನ ಹೊಳೆಪಾಲು.
ಯಾವುದು ಸರಿ ಅಜ್ಜಿ?
"ಅಲ್ಲಿ ಹೊಳೆ ಆಳ ಜಾಸ್ತಿ," ಅಂದಳು.)

ನಡುಹೊಳೆಯಲ್ಲಿ ಕಿರಿಯಣ್ಣ ದನಿ ಗುರುತಿಸಿದ,
ತಲೆ ಎತ್ತಿ

ಬೀರಜ್ಜಿ ಎದ್ದೇಬಿಟ್ಟಳು. ಉಬ್ಬರ ಏರತೊಡಗಿತ್ತು.
ಜಂತ್ರಡಿಯ ಹಲಗೆ ಇಳಿಸದಿದ್ದರೆ ಗದ್ದೆಗೆ ನುಗ್ಗುತ್ತದೆ;
ಕಗ್ಗ ಉಪ್ಪು ತಡೆದೀತು, ಇಷ್ಟಲ್ಲ.
ಗದ್ದೆ ಅವಳದಲ್ಲ. ಹಲಗೆ ಇಳಿಸುವ ಸರದಿಯೂ ಅವಳದಲ್ಲ.
ನಾನೊಂದು ತುದಿ ಹಿಡಿದೆ.
ಕಟ್ಟೆಯ ಮೇಲಿಟ್ಟಿದ್ದ ಕೈಚೀಲ ಜಾರಿ ಕೆಸರು ಸೇರಿತು.

ಚೀಲದಲ್ಲಿ ಎರಡು ಕಾಗದ. ಒಂದು ಈ ನಮೂನೆ.
ಇನ್ನೊಂದು ವಕೀಲರು ಟೈಪು ಮಾಡಿಸಿ ಕೊಟ್ಟದ್ದು:
ಅಪ್ಪನ ಆಸ್ತಿಯಲ್ಲಿ ನನಗೆ ಯಾವ ಹಕ್ಕೂ ಬೇಡವೆಂದು
ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ.
ಸಂತೋಷದ ಕೆಳಗೆ ಸಹಿ ಬಾಕಿ.
ನನಗೆ ಅಣ್ಣಂದಿರು ಇಬ್ಬರೇ. ಒಳ್ಳೆಯವರು.
ದೀಪಾವಳಿಗೆ ಸೀರೆ ಒಮ್ಮೆಯೂ ತಪ್ಪಿಸಿಲ್ಲ.

ರಾತ್ರಿ ಎರಡನ್ನೂ ಹಗ್ಗಕ್ಕೆ ಹಾಕಿದೆ.
ನಮೂನೆ ಬೇಗ ಒಣಗಿತು. ಛಾಪಾ ಕಾಗದ ದಪ್ಪ.

ಒಂಬತ್ತನೇ ಕಾಲಂ ಖಾಲಿ ಎಂದು
ಕಚೇರಿಯಿಂದ ವಾಪಸು ಬಂತು, ಕೆಂಪು ಶಾಯಿಯ ಗೀಟಿನೊಂದಿಗೆ.
ಇಳಿತದ ಹೊತ್ತು ನೋಡಿಕೊಂಡು ಮತ್ತೆ ಹೋದೆ.
"ಎಲ್ಲಿಗೆ ನಿಂತಿತ್ತು ತಂಗಿ?"
ತಲೆ ಎತ್ತಿದ್ದಾನೆ ಅಂದೆ. ಹುಟ್ಟು ಇನ್ನೂ ನೀರಲ್ಲೇ ಇದೆ.
"ತಂಗಿ ಅಂತ ಕರೆದನೇ?"
ಇನ್ನೂ ಇಲ್ಲ.
"ಹಾಗಾದರೆ ಮೊದಲು ಅಕ್ಕಿ ಅಳೆಯಲಿ,"
ಎಂದು ಬುಟ್ಟಿಯಿಂದ ಇನ್ನೊಂದು ಚಿಪ್ಪು ಎತ್ತಿಕೊಂಡಳು.